ಕೊನೆಯ ರೀಲು

ಪುತ್ತೂರು
21 ಜನವರಿ 2024

ಅಪ್ಪನಿಗೆ,

ಯಶಸ್ವಿ ಬರೆಯುವುದು. ಗಾಬರಿ ಬೇಡ, ಅಮ್ಮ ಚೆನ್ನಾಗಿದ್ದಾರೆ. ನಾಲ್ಕು ವರ್ಷದ ಮೇಲೆ ಪತ್ರ ಬಂದರೆ ಯಾರೋ ಸತ್ತಿರಬೇಕೆಂದು ನೀವು ಎಣಿಸುತ್ತೀರಿ, ಅದಕ್ಕೆ ಮೊದಲೇ ಬರೆದೆ. ವಿಳಾಸ ಕೊಟ್ಟದ್ದು ವಾಸಂತಿ ಅತ್ತೆ. ನನ್ನ ತಮ್ಮ ಈಗ ಪಂಜದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡಿಕೊಂಡು ಇದ್ದಾನೆ ಎಂದರು. ಕುಡಿಯುತ್ತಾರಾ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಿನ್ನೆ ಒಂದು ಸಿನೆಮಾ ನೋಡಿದೆ. ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಆಫ್ರಾ ಕೈ ಹಿಡಿದು ಎಳೆದುಕೊಂಡು ಹೋದಳು. ಇಲ್ಲಿ ಕೆಲವರು ಸೇರಿ ತಿಂಗಳಿಗೊಮ್ಮೆ ಕಾಲೇಜಿನ ಸಭಾಂಗಣದಲ್ಲಿ ಸಿನೆಮಾ ತೋರಿಸುತ್ತಾರೆ. ಯಾವುದೋ ದೂರದ ದೇಶದ ಭಾಷೆ, ಕೆಳಗೆ ಇಂಗ್ಲಿಷ್ ಅಕ್ಷರ. ಒಬ್ಬ ಟೈಲರ್. ಕುಡಿಯುತ್ತಾನೆ. ಅಷ್ಟೇ ಕಥೆ. ಹಾಡಿಲ್ಲ, ಬುದ್ಧಿ ಹೇಳುವ ಡಾಕ್ಟರ್ ಇಲ್ಲ, ಕಾಪಾಡುವ ದೇವರಿಲ್ಲ. ಸಭಾಂಗಣದಲ್ಲಿ ತುಂಬಾ ಜನ ಅತ್ತರು. ನಾನು ಅಳಲಿಲ್ಲ. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ.

ನನಗೆ ಆದದ್ದು ಇಷ್ಟು. ಚಿಕ್ಕಂದಿನಿಂದ ನಾನು ನಿಮ್ಮ ಮುಖವನ್ನು ಸರಿಯಾಗಿ ನೋಡಿಲ್ಲ. ನೀವು ಕುಡಿದು ಒಳಗೆ ಬಂದರೆ ನನ್ನ ಕಣ್ಣು ಇರುತ್ತಿದ್ದದ್ದು ನಿಮ್ಮ ಕೈಯ ಮೇಲೆ. ಆ ಕೈ ಚೊಂಬು ಎತ್ತುತ್ತದೋ, ಕುರ್ಚಿ ಎತ್ತುತ್ತದೋ ಎಂದು ನೋಡಿಕೊಂಡು ಓಡಬೇಕಿತ್ತಲ್ಲ. ಆದರೆ ಪರದೆಯಲ್ಲಿರುವ ಟೈಲರಿಗೆ ನಾನು ಕಾಣುವುದಿಲ್ಲ. ಅವನು ನನಗೆ ಹೊಡೆಯಲಾರ. ಹಾಗಾಗಿ ಎರಡು ಗಂಟೆ ಹೊತ್ತು ಅವನ ಮುಖವನ್ನೇ ನೋಡಿದೆ. ಅವನಿಗೆ ಹೆದರಿಕೆ ಇತ್ತು ಅಪ್ಪ. ಕುಡಿಯುವವನಿಗೂ ಹೆದರಿಕೆ ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ನಿಮಗೂ ಇತ್ತಾ? ಇದನ್ನು ಕೇಳಲಿಕ್ಕೇ ಬರೆದದ್ದು.

ಫೋನ್ ಮಾಡಬೇಡಿ. ನಿಮ್ಮ ನಂಬರನ್ನು ಬ್ಲಾಕ್ ಮಾಡಿದ್ದು ಹಾಗೆಯೇ ಇದೆ, ಹಾಗೆಯೇ ಇರುತ್ತದೆ. ಬರೆಯುವುದಾದರೆ ಕೈಯಲ್ಲಿ ಬರೆಯಿರಿ. ಕುಡಿದ ಕೈಯ ಅಕ್ಷರ ನನಗೆ ಗೊತ್ತಾಗುತ್ತದೆ. ಅಂಥ ಪತ್ರ ಒಂದು ಬಂದರೂ ಮುಂದೆ ನನ್ನಿಂದ ಪತ್ರ ಇಲ್ಲ. ಸರಿಯಾದ ಅಕ್ಷರದ ಪ್ರತಿಯೊಂದು ಪತ್ರಕ್ಕೂ ಉತ್ತರ ಬರೆಯುತ್ತೇನೆ.

ಯಶಸ್ವಿ


ಪಂಜ
4 ಫೆಬ್ರವರಿ 2024

ಚಿರಂಜೀವಿ ಯಶಸ್ವಿಗೆ ಧರ್ಮಪಾಲನ ಆಶೀರ್ವಾದ.

ನಿನ್ನ ಪತ್ರ ತಲುಪಿ ಹತ್ತು ದಿನವಾಯಿತು. ಪೋಸ್ಟ್‌ಮ್ಯಾನ್ ನನ್ನನ್ನು ಮೂರು ಸಲ ಮೇಲಿಂದ ಕೆಳಗೆ ನೋಡಿ ಕೊಟ್ಟ. ಈ ಮನುಷ್ಯನಿಗೂ ಕಾಗದ ಬರೆಯುವವರು ಉಂಟಾ ಎಂದು ಅವನ ಆಶ್ಚರ್ಯ. ನನಗೆ ಅವನಿಗಿಂತ ಹೆಚ್ಚು ಆಶ್ಚರ್ಯ.

ಇದನ್ನು ಬೆಳಗ್ಗೆ ಹತ್ತರ ಒಳಗೆ ಬರೆಯುತ್ತಿದ್ದೇನೆ. ಟ್ಯಾಪಿಂಗ್ ಮುಗಿದು ರಬ್ಬರ್ ಹಾಲು ಎತ್ತುವ ಮೊದಲು ಒಂದು ಗಂಟೆ ಬಿಡುವು. ಹತ್ತಕ್ಕೆ ಅಂಗಡಿ ತೆರೆದ ಮೇಲಿನ ನನ್ನ ಅಕ್ಷರ ನಿನಗೆ ಬೇಡ ತಾನೇ, ಅದಕ್ಕೆ ದಿನಕ್ಕೆ ನಾಲ್ಕು ಸಾಲಿನಂತೆ ಬರೆದು ಎತ್ತಿಟ್ಟೆ. ಅಕ್ಷರ ಸರಿ ಇದೆಯೋ ನೋಡಿಕೋ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನಾನೇ ನಾಲ್ಕು ಸಲ ನೋಡಿಕೊಂಡೆ.

ನಿನಗೆ ಸಿನೆಮಾದ ಹುಚ್ಚು ಎಲ್ಲಿಂದ ಬಂತು ಎಂದು ಕೇಳುವ ಹಾಗಿಲ್ಲ. ಇಪ್ಪತ್ತೆರಡು ವರ್ಷ ಸುಳ್ಯದ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸಿದವನ ಮಗಳು ನೀನು. ಒಂದು ಅನುಭವದ ಮಾತು ಹೇಳುತ್ತೇನೆ. ಜನ ದುಡ್ಡು ಕೊಟ್ಟು ಅಳಲಿಕ್ಕೆ ಬರುತ್ತಾರೆ, ಆದರೆ ನಗುತ್ತಾ ಹೊರಗೆ ಹೋಗಬೇಕು. ಅಳಿಸಿ ಹಾಗೇ ಕಳಿಸಿದರೆ ಮರುದಿನ ಗೇಟಿನ ಹತ್ತಿರ ನಾಯಿಯೂ ಇರುವುದಿಲ್ಲ. ನಿನ್ನ ಟೈಲರನ ಸಿನೆಮಾ ನಮ್ಮಲ್ಲಿ ಮೂರು ದಿನ ಓಡುತ್ತಿರಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಇನ್ನೊಮ್ಮೆ. ಮೊದಲು ಆ ಟೈಲರನ ಕಥೆ ಪೂರ್ತಿ ಹೇಳು.

ನಿನ್ನ ಅಮ್ಮ ಪ್ರೇಮಾವತಿಗೆ ನನ್ನ ಪತ್ರದ ವಿಷಯ ಹೇಳಬೇಡ. ಹೇಳಿದರೂ ಬೈಯದೆ ಇರುವ ಹೊತ್ತು ನೋಡಿ ಹೇಳು.

ಇತಿ,
ಧರ್ಮಪಾಲ


ಪುತ್ತೂರು
18 ಫೆಬ್ರವರಿ 2024

ಅಪ್ಪನಿಗೆ,

ಅಕ್ಷರ ಸರಿ ಇತ್ತು. ಕೊನೆಯ ಎರಡು ಸಾಲು ಸ್ವಲ್ಪ ಇಳಿದಿತ್ತು, ಸುಸ್ತು ಎಂದು ತಿಳಿದುಕೊಂಡೆ.

ಪೂರ್ತಿ ಕಥೆ ಹೇಳುವುದಿಲ್ಲ. ಒಂದು ತುಂಡು ಹೇಳುತ್ತೇನೆ. ಟೈಲರ್ ಮಗನ ಶಾಲೆಯ ಯೂನಿಫಾರ್ಮ್ ಹೊಲಿಯಬೇಕು. ಸೋಮವಾರ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದಾನೆ. ಹೆಂಡತಿ ಅಡುಗೆಮನೆಯಲ್ಲಿದ್ದಾಳೆ, ಒಳಗಿಂದ ಮಿಶಿನಿನ ಶಬ್ದ ಕೇಳುತ್ತಿದೆ. ಅವಳ ಮುಖ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತದೆ. ಗಂಡ ಕೆಲಸಕ್ಕೆ ಕೂತ ಎಂದು ಅವಳಿಗೆ ಸಮಾಧಾನ. ಹಾಡು ಗುನುಗುತ್ತಾಳೆ. ಆಮೇಲೆ ನಮಗೆ ಒಳಗಿನ ಕೋಣೆ ತೋರಿಸುತ್ತಾರೆ. ಮಿಶಿನಿನಲ್ಲಿ ಬಟ್ಟೆಯೇ ಇಲ್ಲ. ಅವನು ಒಂದು ಕೈಯಲ್ಲಿ ಬಾಟಲಿ ಹಿಡಿದುಕೊಂಡು, ಹೆಂಡತಿಗೆ ಶಬ್ದ ಕೇಳಲಿ ಎಂದು ಬರಿದೇ ಕಾಲಲ್ಲಿ ತುಳಿಯುತ್ತಿದ್ದಾನೆ.

ಆಫ್ರಾ ಅಲ್ಲಿ ಅತ್ತಳು. ನಾನು ಅಮ್ಮನನ್ನು ನೆನಸಿಕೊಂಡೆ. ಕೊಟ್ಟಿಗೆ ತೊಳೆಯಲು ಹೋಗುತ್ತೇನೆ ಎಂದು ನೀವು ಬಕೆಟ್ ಸದ್ದು ಮಾಡುತ್ತಾ ಹೋಗುತ್ತಿದ್ದದ್ದು ನೆನಪುಂಟಾ?

ಅದೇ ಸಿನೆಮಾವನ್ನು ಮಾರ್ಚ್ ಹತ್ತರಂದು ಭಾನುವಾರ ಸುಳ್ಯದಲ್ಲಿ ತೋರಿಸುತ್ತಾರೆ. ಮಧ್ಯಾಹ್ನ ಮೂರಕ್ಕೆ. ನೀವು ಬನ್ನಿ. ನಾನೂ ಬರುತ್ತೇನೆ. ನೀವು ಕೊನೆಯ ಸಾಲಿನಲ್ಲಿ ಕೂರಬೇಕು, ನಾನು ಮುಂದೆ ಕೂರುತ್ತೇನೆ. ಮಾತಾಡಿಸಬಾರದು. ಕುಡಿದಿರಬಾರದು. ಸಿನೆಮಾ ಮುಗಿದು ದೀಪ ಹಾಕಿದಾಗ ನಾನು ತಿರುಗಿ ನೋಡುತ್ತೇನೆ. ಅಷ್ಟು ನನ್ನಿಂದಾಗುತ್ತದೆ.

ಯಶಸ್ವಿ


ಪುತ್ತೂರು
11 ಮಾರ್ಚ್ 2024

ಅಪ್ಪನಿಗೆ,

ದೀಪ ಹಾಕಿದರು. ತಿರುಗಿ ನೋಡಿದೆ. ಕುರ್ಚಿ ಖಾಲಿ ಇತ್ತು.

ನೀವು ಬಂದದ್ದು ನನಗೆ ಗೊತ್ತು. ಬಾಗಿಲಲ್ಲಿ ಕೆಮ್ಮಿದ್ದು ಕೇಳಿದೆ, ಆ ಕೆಮ್ಮನ್ನು ಸಾವಿರ ಜನರ ನಡುವೆಯೂ ಗುರುತಿಸುತ್ತೇನೆ. ಮಿಶಿನಿನ ದೃಶ್ಯ ಬಂದಾಗ ನೀವು ಹಿಂದೆ ಇದ್ದಿರಿ. ಇನ್ನು ಹತ್ತು ನಿಮಿಷ ಇರುವಾಗ ಒಬ್ಬರು ಹಿರಿಯರು ಎದ್ದು ಹೋದರು ಎಂದು ಟಿಕೆಟ್ ಮೇಜಿನವರು ಹೇಳಿದರು.

ಹತ್ತು ನಿಮಿಷ, ಅಪ್ಪ. ನಾವು ನಿಮ್ಮನ್ನು ಇಪ್ಪತ್ತು ವರ್ಷ ನೋಡಿದೆವು, ಎದ್ದು ಹೋಗುವ ಅನುಕೂಲ ಇರಲಿಲ್ಲ. ನಿಮಗೆ ಹತ್ತು ನಿಮಿಷ ಕೂರಲಿಕ್ಕಾಗಲಿಲ್ಲ.

ಅಂದು ಲ್ಯಾಬಿಗೆ ಸೇರಿ ನನಗೆ ಮೂರನೆಯ ದಿನವಾಗಿತ್ತು. ನೀವು ಕುಡಿದು ಬಂದು ರಕ್ತ ತೆಗೆಯುವ ಕುರ್ಚಿಯಲ್ಲಿ ಕೂತು ತೋಳು ಮಡಚಿ, "ತೆಗಿ ಮಗಳೇ, ನಿನ್ನ ಕೈಗುಣ ನೋಡುವ" ಎಂದಿರಿ. ಎಲ್ಲರ ಎದುರು. ನಾನು ತೆಗೆದೆ. ಟೆಸ್ಟೂ ಮಾಡಿದೆ. ಆ ರಿಪೋರ್ಟ್ ಇನ್ನೂ ನನ್ನ ಡ್ರಾಯರಿನಲ್ಲಿ ಇದೆ. ಅದನ್ನು ನಿಮಗೆ ತೋರಿಸಲಿಲ್ಲ, ಏಕೆಂದರೆ ನೀವು ಅದಕ್ಕೂ ಎದ್ದು ಹೋಗುತ್ತಿದ್ದಿರಿ.

ಇನ್ನು ಬರೆಯಬೇಕಾ ಬೇಡವಾ ಎಂದು ನೀವೇ ಹೇಳಿ.

ಯಶಸ್ವಿ


ಪಂಜ
17 ಮಾರ್ಚ್ 2024

ಪ್ರೀತಿಯ ಮಗಳಿಗೆ,

ಕುಡಿಯದೆ ಏಳು ದಿನ. ಈ ಅಕ್ಷರ ಅಡ್ಡಾದಿಡ್ಡಿ ಇದ್ದರೆ ಅದು ಕುಡಿದದ್ದರಿಂದ ಅಲ್ಲ, ಕುಡಿಯದೆ ಇದ್ದದ್ದರಿಂದ. ಇದೊಂದು ಸಲ ಮಾಫಿ ಮಾಡು.

ಎದ್ದು ಹೋದದ್ದು ಯಾಕೆ ಎಂದು ಹೇಳಬೇಕಾದರೆ ಒಂದು ಹಳೆಯ ಪಾಪ ಹೇಳಬೇಕು. ಯಾರಿಗೂ ಹೇಳಿಲ್ಲ, ನಿನ್ನ ಅಮ್ಮನಿಗೂ.

ನೀನು ಹುಟ್ಟುವ ಆರು ವರ್ಷ ಮೊದಲು ನಮ್ಮ ಟಾಕೀಸಿಗೆ ಒಬ್ಬ ಕುಡುಕನ ಸಿನೆಮಾ ಬಂದಿತ್ತು. ಹದಿನೈದು ರೀಲು. ಹದಿನಾಲ್ಕನೆಯದರ ಕೊನೆಗೆ ಅವನು ಮಗುವಿನ ತಲೆ ಮುಟ್ಟಿ ಇನ್ನು ಕುಡಿಯುವುದಿಲ್ಲ ಎಂದು ಆಣೆ ಹಾಕುತ್ತಾನೆ, ಹೆಂಡತಿ ನಗುತ್ತಾಳೆ. ಹದಿನೈದನೆಯ ರೀಲಿನಲ್ಲಿ ಪುನಃ ಕುಡಿದು ಚರಂಡಿಯ ಬದಿಯಲ್ಲಿ ಸಾಯುತ್ತಾನೆ. ರಾತ್ರಿಯ ಎರಡನೇ ಆಟ ಮುಗಿಯುವಾಗ ಸಾರಾಯಿ ಅಂಗಡಿಯ ಬಾಗಿಲು ಹಾಕುತ್ತಿದ್ದರು. ನನಗೆ ಹತ್ತು ನಿಮಿಷ ಬೇಕಿತ್ತು. ಹಾಗಾಗಿ ರಾತ್ರಿ ಆಟಕ್ಕೆ ಕೊನೆಯ ರೀಲು ಹಾಕುತ್ತಲೇ ಇರಲಿಲ್ಲ. ಹೆಂಡತಿ ನಕ್ಕ ಕೂಡಲೇ 'ಶುಭಂ' ಎಂದು ನಾನೇ ಬರೆದ ಗಾಜಿನ ಸ್ಲೈಡ್ ತೋರಿಸಿ ದೀಪ ಹಾಕುತ್ತಿದ್ದೆ. ಜನ ಖುಷಿಯಲ್ಲಿ ಮನೆಗೆ, ನಾನು ಖುಷಿಯಲ್ಲಿ ಅಂಗಡಿಗೆ.

ಒಬ್ಬಳು ಹೆಂಗಸು ಗಂಡನನ್ನು ರಾತ್ರಿ ಆಟಕ್ಕೆ ಕರೆತಂದಿದ್ದಳು. ನಾಲ್ಕು ದಿನ ಬಿಟ್ಟು ನನ್ನ ಹತ್ತಿರ ಬಂದು, ಇದನ್ನು ನೋಡಿದ ಮೇಲೆ ಅವರು ಮುಟ್ಟಲಿಲ್ಲ ಎಂದು ಕೈ ಮುಗಿದಳು. ಮುಂದಿನ ವಾರ ಒಬ್ಬಳೇ ಮಧ್ಯಾಹ್ನದ ಆಟಕ್ಕೆ ಬಂದಳು. ಹಗಲು ಹದಿನೈದೂ ರೀಲು ಹಾಕುವುದು. ಆಟ ಮುಗಿದರೂ ಅವಳು ಏಳಲಿಲ್ಲ. ನಾನು ಕೆಳಗೆ ಇಳಿದು ಹೋದೆ. "ಯಾವುದು ಸರಿಯಾದ್ದು?" ಎಂದು ಕೇಳಿದಳು. "ರಾತ್ರಿಯದ್ದು" ಎಂದೆ. ಅವಳು ಮತ್ತೆ ಟಾಕೀಸಿಗೆ ಬಂದದ್ದನ್ನು ನಾನು ಕಾಣಲಿಲ್ಲ.

ಮೊನ್ನೆ ನಿನ್ನ ಟೈಲರನ್ನು ನೋಡುತ್ತಾ ಕೂತಿದ್ದೆ. ಇಂಗ್ಲಿಷ್ ನನಗೆ ಓದಲು ಬಾರದು, ಒಂದು ಮಾತೂ ಅರ್ಥವಾಗಲಿಲ್ಲ, ಅರ್ಥವಾಗದೆ ಉಳಿದದ್ದು ಒಂದೂ ಇಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ, ಕೊನೆಯ ರೀಲು ಬಂದದ್ದು ಗೊತ್ತಾಯಿತು. ಕಾಲು ತನ್ನಷ್ಟಕ್ಕೆ ಎದ್ದಿತು. ನಿನ್ನ ಪ್ರಶ್ನೆಗೆ ಇದೇ ಉತ್ತರ ಮಗಾ. ಹೆದರಿಕೆ ಇತ್ತು. ಈಗಲೂ ಉಂಟು.

ಆ ದಿನ ಹೊರಗೆ ಬಂದು ಅಂಗಡಿಗೆ ಹೋಗಲಿಲ್ಲ. ಕಡಬದ ಹತ್ತಿರ ಏಪ್ರಿಲಿನಲ್ಲಿ ಮದ್ಯವರ್ಜನ ಶಿಬಿರ ಉಂಟಂತೆ. ಹೆಸರು ಕೊಟ್ಟಿದ್ದೇನೆ.

ಇತಿ ನಿನ್ನ ಅಪ್ಪ,
ಧರ್ಮಪಾಲ


ಕಡಬದ ಶಿಬಿರದಿಂದ
18 ಏಪ್ರಿಲ್ 2024

ಪ್ರೀತಿಯ ಯಶಸ್ವಿ,

ಇಲ್ಲಿ ಎಂಟು ದಿನದ ವಾಸ. ಸಭಾಭವನದ ನೆಲದಲ್ಲಿ ಚಾಪೆ ಹಾಕಿ ನಾವು ಅರವತ್ತನಾಲ್ಕು ಮಂದಿ. ಬೆಳಗ್ಗೆ ಐದಕ್ಕೆ ಎಬ್ಬಿಸಿ ವ್ಯಾಯಾಮ, ಭಜನೆ, ಗಂಜಿ, ಭಾಷಣ, ಪುನಃ ಭಜನೆ. ಮೊದಲ ಎರಡು ದಿನ ಭಜನೆಗೆ ಚಪ್ಪಾಳೆ ತಟ್ಟಲು ಯಾರಿಗೂ ಕೈ ಸೇರುತ್ತಿರಲಿಲ್ಲ. ಈಗ ತಾಳ ಸರಿಯಾಗಿದೆ.

ಮೂರನೆಯ ದಿನ ಒಂದು ಕಿರುಚಿತ್ರ ತೋರಿಸಿದರು. ಕುಡುಕ ಶಿಬಿರಕ್ಕೆ ಬರುತ್ತಾನೆ, ಬಿಡುತ್ತಾನೆ, ಅಂಗಡಿ ಇಡುತ್ತಾನೆ, ಸ್ಕೂಟರ್ ತೆಗೆಯುತ್ತಾನೆ. ಎಲ್ಲರೂ ಕಣ್ಣೊರಸಿಕೊಂಡರು, ಚಾ ಬಂತು, ಕುಡಿದರು, ಮರೆತರು. ನನ್ನ ಶುಭಂ ಸ್ಲೈಡ್ ನೆನಪಾಯಿತು.

ಆ ದಿನ ಊಟದ ಮೇಲೆ ಪಕ್ಕದ ಚಾಪೆಯವನಿಗೆ ಟೈಲರನ ಕಥೆ ಹೇಳಲು ಸುರು ಮಾಡಿದೆ. ಹತ್ತಿರದವರು ಕಿವಿ ಕೊಟ್ಟರು. ಮುಗಿಸುವಾಗ ಮೂವತ್ತು ಜನ ಸುತ್ತ ಕೂತಿದ್ದರು. ಬಟ್ಟೆ ಇಲ್ಲದೆ ಮಿಶಿನು ತುಳಿಯುವ ಕಡೆ ಬಂದಾಗ ಈಶ್ವರಮಂಗಲದ ಒಬ್ಬ ಗಟ್ಟಿ ಆಳು, ರೂಪೇಶ್ ಎಂದು, ಲಾರಿ ಡ್ರೈವರ್, ಎದ್ದು ಗೋಡೆಗೆ ಮುಖ ಮಾಡಿ ನಿಂತ. ಅವನು ಹೆಂಡತಿಗೆ ಕೇಳಲಿ ಎಂದು ಮನೆಯ ಹಿಂದೆ ಲಾರಿ ಸ್ಟಾರ್ಟ್ ಮಾಡಿಟ್ಟು ಕುಡಿಯುತ್ತಿದ್ದನಂತೆ. ಆಮೇಲೆ ಒಬ್ಬೊಬ್ಬನೂ ತನ್ನ ತನ್ನ ಮಿಶಿನಿನ ವಿಷಯ ಹೇಳಿದ. ಭಾಷಣದಲ್ಲಿ ಆಗದ್ದು ಅದು.

"ಕೊನೆಗೆ ಎಂತ ಆಯಿತು ಅವನಿಗೆ?" ಎಂದು ಎಲ್ಲರೂ ಕೇಳಿದರು. ನೋಡಲಿಲ್ಲ ಎಂದೆ. ಎಲ್ಲ ಸೇರಿ ನನ್ನನ್ನು ಬೈದರು. ನೀನು ಹೇಳಬೇಡ. ದೀಪಾವಳಿಗೆ ನೀವು ಕರೆದರೆ ಎದುರು ಕೂತು ಕೇಳುತ್ತೇನೆ, ಅಷ್ಟರ ತನಕ ಇರುವ ಧೈರ್ಯ ಉಂಟು.

ಇತಿ,
ಅಪ್ಪ


ಪುತ್ತೂರು
7 ಜುಲೈ 2024

ಪ್ರೀತಿಯ ಅಪ್ಪ,

ನಿಮ್ಮ ಏಳು ಪತ್ರಗಳನ್ನು ಸಾಲಾಗಿ ಇಟ್ಟು ನೋಡಿದೆ. ಏಪ್ರಿಲಿನ ಮೇಲಿನ ಅಕ್ಷರ ಶಾಲೆಯ ಮಾಷ್ಟ್ರ ಅಕ್ಷರದ ಹಾಗಿದೆ. ಆಫ್ರಾಳಿಗೂ ತೋರಿಸಿದೆ. ಅವಳು, ನಿನ್ನ ಅಪ್ಪನ ಕೈ ನೋಡಿ ಸೂಜಿ ಹಿಡಿಯುವುದನ್ನು ಕಲಿ ಎಂದಳು.

ಅಮ್ಮನಿಗೆ ಎಲ್ಲ ಹೇಳಿದೆ. ಮೊದಲು, ನಾಯಿಬಾಲ ಎಷ್ಟು ದಿನ ನೆಟ್ಟಗಿರುತ್ತದೆ ನೋಡುವ ಎಂದರು. ಅವರನ್ನು ದೂರಬೇಡಿ. ಬೆಟ್ಟಂಪಾಡಿಯ ಶಾಲೆಯಲ್ಲಿ ದಿನಾ ಇನ್ನೂರು ಮಕ್ಕಳಿಗೆ ಬಿಸಿಯೂಟ ಮಾಡಿ ಬರುವವರಿಗೆ ಸಿಹಿ ಮಾತಾಡುವ ತ್ರಾಣ ಎಲ್ಲಿರುತ್ತದೆ. ಆದರೆ ಕಳೆದ ವಾರ ಬಟ್ಟೆ ಮಡಚುತ್ತಾ ನನ್ನ ಮುಖ ನೋಡದೆ, "ದೀಪಾವಳಿಗೆ ಬರ್ಲಿ. ಊಟ ಮಾಡಿ ಹೋಗ್ಲಿ. ಅಲ್ಲಿಯವರೆಗೆ ಸರಿ ಇದ್ರೆ ಮಾತ್ರ" ಎಂದರು. ಇದಕ್ಕಿಂತ ಹೆಚ್ಚು ಅಮ್ಮ ಹೇಳುವುದಿಲ್ಲ, ಹೇಳಿದ್ದನ್ನು ಬದಲಿಸುವುದೂ ಇಲ್ಲ. ನಿಮಗೆ ಗೊತ್ತು.

ಆಟಿ ತಿಂಗಳಲ್ಲಿ ನಿಮ್ಮ ಕುಟುಂಬದ ತರವಾಡು ಮನೆಯಲ್ಲಿ ತೀರಿಹೋದ ಹಿರಿಯರಿಗೆ ಬಡಿಸುವುದಕ್ಕೆ ವಾಸಂತಿ ಅತ್ತೆ ಕರೆದಿದ್ದಾರೆ, ಹೋಗಲಾ ಬೇಡವಾ ಎಂದು ಕೇಳಿದ್ದೀರಿ. ಇದನ್ನು ಕೇಳುವುದೆಂಥದ್ದು ಅಪ್ಪ. ಮನೆಯ ಹಿರಿಯ ಗಂಡಸು ನೀವು. ಐದು ವರ್ಷದಿಂದ ನಿಮ್ಮ ಬದಲು ಯಾರ್ಯಾರೋ ಬಡಿಸಿದ್ದಾರೆ. ನೀವು ಸರಿಯಾಗಿದ್ದೀರಿ ಎಂದು ಸತ್ತವರಿಗೂ ಬದುಕಿದವರಿಗೂ ಗೊತ್ತಾಗಲಿ. ಅಮ್ಮನೂ ಹಾಗೇ ಹೇಳಿದರು. ಹೋಗಿ.

ನಿಮ್ಮ ಮಗಳು,
ಯಶಸ್ವಿ


ಪಂಜ
20 ಆಗಸ್ಟ್ 2024

ಪ್ರೀತಿಯ ಮಗಳು ಯಶಸ್ವಿಗೆ,

ಅಕ್ಷರ ಬೇರೆ ಎಂದು ಗಾಬರಿಯಾಗಬೇಡ. ಟ್ಯಾಪಿಂಗ್ ಕತ್ತಿ ಜಾರಿ ಬಲಗೈ ಹೆಬ್ಬೆರಳಿಗೆ ತಾಗಿತು. ನಾಲ್ಕು ಹೊಲಿಗೆ. ಪಕ್ಕದ ಮನೆಯ ಅಂಗನವಾಡಿ ಟೀಚರ್ ಫೌಝಿಯಾ ನಾನು ಹೇಳಿದ್ದನ್ನು ಬರೆಯುತ್ತಿದ್ದಾರೆ. ಅವರ ಅಕ್ಷರ ನನ್ನದಕ್ಕಿಂತ ಮುದ್ದಾಗಿದೆ, ನೀನು ಇನ್ನು ಮುಂದೆ ಇದನ್ನೇ ಕೇಳಬಹುದು.

ತರವಾಡಿನ ಕಾರ್ಯ ಒಳ್ಳೆಯದಾಯಿತು. ನಾನೇ ಬಡಿಸಿದೆ. ವಾಸಂತಿ ಅಕ್ಕನಿಗೆ ತುಂಬಾ ಸಂತೋಷ. ನಾನು ಆರೋಗ್ಯವಾಗಿದ್ದೇನೆ. ವಾರದ ಸಭೆಗೆ ಹೋಗುತ್ತೇನೆ. ದೀಪಾವಳಿಗೆ ಇನ್ನು ಎಪ್ಪತ್ತೆರಡು ದಿನ.

ಪ್ರೇಮಾವತಿಗೆ ತಿಳಿಸು.

ಇತಿ,
ಅಪ್ಪ


ಪುತ್ತೂರು
8 ಸೆಪ್ಟೆಂಬರ್ 2024

ಪ್ರೀತಿಯ ಅಪ್ಪ,

ನಿಮ್ಮ ಎರಡೂ ಪತ್ರ ಬಂತು. ಹೆಬ್ಬೆರಳು ಇನ್ನೂ ವಾಸಿಯಾಗಲಿಲ್ಲವಾ? ನಾಲ್ಕು ಹೊಲಿಗೆಯ ಗಾಯ ಎರಡು ವಾರದಲ್ಲಿ ಒಣಗಬೇಕು. ಮಳೆಯಲ್ಲಿ ಕೆಲಸ, ಒದ್ದೆಯಾಗುತ್ತದೆ, ಹಾಗೆ ಇರಬಹುದು. ಅವಸರ ಮಾಡಬೇಡಿ, ಫೌಝಿಯಾ ಟೀಚರ್ ಬರೆಯಲಿ. ಅವರಿಗೆ ನನ್ನ ನಮಸ್ಕಾರ.

ಪತ್ರ ಬಂದರೆ ಸಾಕು. ಬಂದ ದಿನ ಅಮ್ಮ ಅಡುಗೆ ಮಾಡುತ್ತಾ ಏನೋ ಗುನುಗುತ್ತಾರೆ. ದೀಪಾವಳಿಗೆ ನಿಮಗೆಂದು ಕೋಳಿ ಸಾಕುತ್ತಿದ್ದಾರೆ, ನಿಮಗೆಂದು ಬಾಯಿಬಿಟ್ಟು ಒಪ್ಪುವುದಿಲ್ಲ ಅಷ್ಟೇ.

ನಿಮ್ಮ ಮಗಳು,
ಯಶಸ್ವಿ


ಸುಳ್ಯ, ಆಸ್ಪತ್ರೆಯಿಂದ
9 ಅಕ್ಟೋಬರ್ 2024

ಯಶಸ್ವಿ,

ಇದು ನನ್ನ ಕೈ. ಓದಲು ಕಷ್ಟವಾದರೂ ಓದು. ಹೆಬ್ಬೆರಳಿಗೆ ಏನೂ ಆಗಿರಲಿಲ್ಲ.

ಆಟಿಯ ದಿನ ಎಲೆ ಹಾಕಿ ಅನ್ನ, ಕೋಳಿ ಪದಾರ್ಥ, ರೊಟ್ಟಿ ಎಲ್ಲ ಬಡಿಸಿದೆ. ಅಕ್ಕ ಬಾಟಲಿ ತಂದು ಕೊಟ್ಟಳು. ನಮ್ಮ ಅಪ್ಪನಿಗೆ, ಅಜ್ಜನಿಗೆ ಎಲೆಯ ಬದಿಯಲ್ಲಿ ಲೋಟದಲ್ಲಿ ಬ್ರಾಂದಿ ಇಡುವುದು ಮೊದಲಿಂದ ಉಂಟಲ್ಲ. ಇಟ್ಟೆ. ಕೈ ನಡುಗಲಿಲ್ಲ, ನನಗೇ ಹೆಮ್ಮೆಯಾಯಿತು. ಹಿರಿಯರು ಉಣ್ಣಲಿ ಎಂದು ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಂತೆವು. ಬಾಗಿಲು ತೆರೆದು ಪುನಃ ಒಳಗೆ ಹೋದ ಮೇಲೆ ಅಕ್ಕ ಲೋಟ ನನ್ನ ಕೈಗೆ ಕೊಟ್ಟಳು. ಹಿರಿಯರು ಉಳಿಸಿದ್ದನ್ನು ಬಡಿಸಿದವನೇ ಮೊದಲು ಬಾಯಿಗೆ ಮುಟ್ಟಿಸಬೇಕು, ಇಲ್ಲದಿದ್ದರೆ ಅವರಿಗೆ ಮುನಿಸು. "ಕುಡಿಯುದಲ್ಲ ತಮ್ಮ, ಪ್ರಸಾದ. ಒಂದು ಮುಚ್ಚಳ, ಮದ್ದಿನಷ್ಟು" ಎಂದಳು. ಅವಳನ್ನು ಬೈಯಬೇಡ. ನಾನು ಬಿಡಲಿ ಎಂದು ಹರಕೆ ಹೊತ್ತವಳೂ ಅವಳೇ. ಅವಳಿಗೆ ಅದು ಬೇರೆ, ಇದು ಬೇರೆ.

ನಾನು ಬೇಡ ಎನ್ನಬಹುದಿತ್ತು. ಎಲ್ಲರೂ ನೋಡುತ್ತಿದ್ದರು. ಮುಟ್ಟಿಸಿದೆ. ಆ ದಿನ ಸಂಜೆ ಪಂಜದ ಬಸ್ಸು ಇಳಿದು ಕೋಣೆಗೆ ಹೋಗಲಿಲ್ಲ.

ಮರುದಿನ ನಿನಗೆ ಬರೆಯಲು ಕೂತೆ, ಅಕ್ಷರ ಬರಲಿಲ್ಲ. ಆಮೇಲೆ ಫೌಝಿಯಾ ಟೀಚರಿಗೆ ಸುಳ್ಳು ಹೇಳಿ ಬರೆಸಿದೆ. ಅವರಿಗೆ ಗೊತ್ತಿತ್ತೋ ಏನೋ. ನಿನ್ನ ಅಮ್ಮ ಗುನುಗುತ್ತಾಳೆ ಎಂದು ನೀನು ಬರೆದದ್ದನ್ನು ಅವರು ಓದಿ ಹೇಳಿದಾಗ ನನಗೆ ಆ ಟೈಲರನ ಕಾಲು ಕಂಡಿತು. ಆದರೂ ತುಳಿದೆ. ಇನ್ನೊಂದು ಪತ್ರ ಬರೆಸಿದೆ.

ಹದಿನಾಲ್ಕು ರೀಲು ನಿನಗೆ ತೋರಿಸಿದ್ದೆ. ಇದು ಹದಿನೈದನೆಯದ್ದು. ಇದನ್ನು ಹಾಕದೆ ದೀಪ ಹಾಕಿ ಹೋಗಬಾರದು ಎಂದು ಬರೆದೆ.

ಇವತ್ತು ರಕ್ತ ತೆಗೆದರು. ಪುತ್ತೂರಿನ ಲ್ಯಾಬಿಗೆ ಕಳಿಸುತ್ತಾರಂತೆ. ನಿನ್ನ ಕೈಗೇ ಬಂದರೆ ನೋಡು. ನಾನು ಸುಳ್ಳು ಹೇಳಿಯೇನು, ಅದು ಹೇಳುವುದಿಲ್ಲ.

ಒಂದು ಕೇಳುತ್ತೇನೆ. ನನಗೆ ಬಡಿಸುವ ದಿನ ಎಲೆಯ ಬದಿಯಲ್ಲಿ ಅದನ್ನು ಇಡಲು ಬಿಡಬೇಡ. ಅವನಿಗೆ ಪ್ರೀತಿಯದ್ದು ಎಂದು ಎಲ್ಲರೂ ಹೇಳುತ್ತಾರೆ. ಪ್ರೀತಿ ಇರಲಿಲ್ಲ ಮಗಾ. ಬೆಲ್ಲ ಹಾಕಿದ ಕಪ್ಪು ಚಾ ಇಡು.

ಆ ಟೈಲರ್ ಕೊನೆಗೆ ಎಂತ ಆದ?

ಅಪ್ಪ


ಬೆಟ್ಟಂಪಾಡಿ
30 ಅಕ್ಟೋಬರ್ 2024

ಪ್ರೀತಿಯ ಅಪ್ಪ,

ಇದನ್ನು ಅಂಚೆಗೆ ಹಾಕುವುದಿಲ್ಲ. ಆದರೆ ನಿಮ್ಮದೇ ಕೈಯ ಪತ್ರಕ್ಕೆ ಉತ್ತರ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ನಿಮ್ಮ ಪತ್ರಕ್ಕಿಂತ ಮೊದಲು ಟ್ಯೂಬ್ ಬಂತು. ಹತ್ತನೆಯ ತಾರೀಕು ಬೆಳಗ್ಗೆ, ಸುಳ್ಯದಿಂದ ಬಂದ ಡಬ್ಬಿಯಲ್ಲಿ ಆರನೆಯದ್ದು. ಧರ್ಮಪಾಲ, 56, ಪಂಜ. ಆಫ್ರಾ ನನ್ನ ಕೈಯಿಂದ ತೆಗೆದುಕೊಳ್ಳಲು ನೋಡಿದಳು, ಕೊಡಲಿಲ್ಲ. ಅದರಲ್ಲಿ ರಕ್ತದ ಮೇಲೆ ನಿಂತ ನೀರೇ ಅರಶಿನದ ಹಾಗೆ ಇತ್ತು, ಲಿವರ್ ಹೋಗಿದೆ ಎಂದು ಮಿಶಿನಿಗೆ ಹಾಕುವ ಮೊದಲೇ ಗೊತ್ತಾಯಿತು. ಹಳೆಯ ರಿಪೋರ್ಟನ್ನು ಡ್ರಾಯರಿನಿಂದ ತೆಗೆದು ಪಕ್ಕದಲ್ಲಿ ಇಟ್ಟೆ. ಅಂಥ ಅಂಕಿ ಬಂದವರು ನಾಲ್ಕು ದಿನ ಇರುವುದಿಲ್ಲ ಎಂದು ನಾನು ಕಲಿತದ್ದು ನಿಮ್ಮ ವಿಷಯದಲ್ಲೂ ಸುಳ್ಳಾಗಲಿಲ್ಲ. ನಾನು ಆ ಸಂಜೆಯೇ ಆಸ್ಪತ್ರೆಗೆ ಬಂದೆ. ನೀವು ನನ್ನನ್ನು ನರ್ಸ್ ಎಂದು ತಿಳಿದು, ಮಗಳಿಗೆ ಒಂದು ಕಾಗದ ಹಾಕಲಿಕ್ಕುಂಟು ಎಂದಿರಿ. ಹಾಕಿ ಆಗಿತ್ತು. ಅದು ನನಗೆ ಸಿಕ್ಕಿದ್ದು ಹದಿನೈದಕ್ಕೆ, ನಿಮ್ಮನ್ನು ಸುಟ್ಟು ಎರಡು ದಿನದ ಮೇಲೆ.

ಅತ್ತೆಯನ್ನು ನಾನು ಬೈಯಲಿಲ್ಲ. ಬೈಯುವ ಬಾಯಿ ನನಗೆಲ್ಲಿದೆ. ಹೋಗಿ ಎಂದು ಬರೆದದ್ದು ನಾನು. ಎಲೆಯ ಬದಿಯಲ್ಲಿ ಏನಿಡುತ್ತಾರೆ ಎಂದು ಹುಟ್ಟಿದಾಗಿನಿಂದ ನೋಡಿದವಳಿಗೆ ಆ ಹೊತ್ತಿಗೆ ಅದು ಬ್ರಾಂದಿ ಎಂದು ತಲೆಗೇ ಹೋಗಲಿಲ್ಲ. ಅದು ಹಿರಿಯರ ಲೋಟ, ಅಷ್ಟೇ. ಅಮ್ಮನಿಗೂ ಹೊಳೆಯಲಿಲ್ಲ. ಈಗ ಇಬ್ಬರೂ ಆ ಮಾತೆತ್ತದೆ ಒಂದೇ ಮನೆಯಲ್ಲಿ ಓಡಾಡುತ್ತೇವೆ.

ಬೇರೆ ಅಕ್ಷರದ ಮೊದಲ ಪತ್ರ ಬಂದ ದಿನವೇ ನನಗೆ ಗೊತ್ತಿತ್ತು ಅಪ್ಪ. ಪಂಜಕ್ಕೆ ಬಸ್ಸಿನಲ್ಲಿ ಎರಡು ಗಂಟೆ. ಬರಲಿಲ್ಲ. ಕೈಯಲ್ಲೇ ಬರೆಯಬೇಕು ಎಂದು ಷರತ್ತು ಹಾಕಿದ ನಾನೇ, ಯಾರ ಕೈಯಾದರೂ ಆದೀತು ಎಂದೆ. ಅಂಥ ಸಿನೆಮಾವನ್ನು ಕಣ್ಣು ಮಿಟುಕಿಸದೆ ನೋಡಿದವಳು, ನಿಮ್ಮನ್ನು ಎದ್ದು ಹೋದಿರಿ ಎಂದು ದೂರಿದವಳು, ನನ್ನ ಸರದಿ ಬಂದಾಗ ಅಡುಗೆಮನೆಯಲ್ಲಿ ಮಿಶಿನಿನ ಶಬ್ದ ಕೇಳುತ್ತಾ ಕೂತೆ.

ಟೈಲರ್ ಏನಾದ ಎಂದು ಕೇಳಿದ್ದೀರಿ. ಅವನು ಸಾಯುವುದಿಲ್ಲ. ಹೆಂಡತಿ ಮಗನನ್ನೂ ಮಿಶಿನನ್ನೂ ಗಾಡಿಗೆ ಹಾಕಿಕೊಂಡು ಹೋಗುತ್ತಾಳೆ. ಅವನು ಖಾಲಿ ಕೋಣೆಯಲ್ಲಿ ಅದೇ ಸ್ಟೂಲಿನ ಮೇಲೆ ಕೂತು, ಮಿಶಿನು ಇದ್ದ ಜಾಗದಲ್ಲಿ ನೆಲದ ಮೇಲೆ ಕಾಲು ಆಡಿಸುತ್ತಾನೆ. ಶಬ್ದ ಇಲ್ಲ. ತುಂಬಾ ಹೊತ್ತು ತೋರಿಸುತ್ತಾರೆ. ಅಷ್ಟೇ. ನೀವು ಕೂತು ನೋಡಬಹುದಿತ್ತು.

ಮೊನ್ನೆ ತರವಾಡಿನಲ್ಲಿ ನಿಮ್ಮ ಉತ್ತರಕ್ರಿಯೆ. ನಾನೇ ಬಡಿಸುತ್ತೇನೆ ಎಂದೆ. ಹೆಣ್ಣುಮಕ್ಕಳು ಬಡಿಸುವ ಕ್ರಮ ಇಲ್ಲ ಎಂದರು. ಅಮ್ಮ ಎಲ್ಲರ ಎದುರು, "ಅವಳೇ ಬಡಿಸುದು" ಎಂದು ಎಲೆ ತಂದು ನನ್ನ ಕೈಗೆ ಕೊಟ್ಟರು. ಅಮ್ಮ ಸಾಕಿದ ಕೋಳಿಯನ್ನೇ ಪದಾರ್ಥ ಮಾಡಿದ್ದರು. ಅತ್ತೆ ಸೆರಗಿನಲ್ಲಿ ಬಾಟಲಿ ಮುಚ್ಚಿಕೊಂಡು ಬಂದರು. ನಿಮ್ಮ ಪತ್ರ ತೆಗೆದು ಅವರಿಗೆ ಓದಿ ಹೇಳಿದೆ, ಎಲೆಯ ವಿಷಯ ಇದ್ದದ್ದು ಮಾತ್ರ. ಅವರು ಹೊರಗೆ ಹೋಗಿ ತೆಂಗಿನ ಬುಡಕ್ಕೆ ಅದನ್ನು ಪೂರ್ತಿ ಸುರಿದು ಅಲ್ಲೇ ಕೂತರು.

ಲೋಟದಲ್ಲಿ ಚಾ ಇಟ್ಟೆ. ಬಾಗಿಲು ಹಾಕಿದೆವು. ನಾನೂ ಅಮ್ಮನೂ ಹೊರಗೆ ಜಗಲಿಯಲ್ಲಿ ನಿಂತಿದ್ದೆವು, ನಾನು ಚಿಕ್ಕವಳಿದ್ದಾಗ ನೀವು ಒಳಗೆ ಇದ್ದು ನಾವು ಹೊರಗೆ ನಿಲ್ಲುತ್ತಿದ್ದ ಹಾಗೆಯೇ. ಅಮ್ಮ ಬಾಗಿಲಿಗೆ ಕಿವಿ ಕೊಟ್ಟದ್ದನ್ನು ನೋಡಿದೆ.

ತೆರೆದಾಗ ಎಲ್ಲ ಇಟ್ಟ ಹಾಗೆಯೇ ಇತ್ತು. ಬಡಿಸಿದವರು ಮೊದಲು ಬಾಯಿಗೆ ಮುಟ್ಟಿಸಬೇಕಲ್ಲ. ಲೋಟ ಎತ್ತಿ ಕುಡಿದೆ, ಕೊನೆಯ ತೊಟ್ಟಿನವರೆಗೆ. ತಣ್ಣಗಾಗಿತ್ತು. ಬೆಲ್ಲ ಜಾಸ್ತಿಯಾಗಿತ್ತು.

ನಾಳೆ ದೀಪಾವಳಿ.

ನಿಮ್ಮ ಮಗಳು,
ಯಶಸ್ವಿ